ಜಾಂಗೋ: ಅಬ್‌ಸ್ಟ್ರಾಕ್ಟ್ ಮಾಡೆಲ್‌ಗೆ ಫಾರ್ಮ್ ಜೋಡಿಸುವ ಸೂತ್ರಗಳು

ಜಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಹಾಗಾಗಿ ಉದಾಹರಣೆಗೂ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಸುದ್ದಿ, ವಿಮರ್ಶೆ, ಸಂದರ್ಶನ ಮೂರಕ್ಕೂ ತಲೆಬರಹ, ಲೇಖಕ, ದಿನಾಂಕ ಬೇಕು. ಇವನ್ನು 'ಬರಹ' ಎಂಬ ಒಂದೇ ಅಬ್‌ಸ್ಟ್ರಾಕ್ಟ್ ಮಾಡೆಲ್‌ನಲ್ಲಿಟ್ಟಿದ್ದೀರಿ. ಇನ್ನು ಫಾರ್ಮ್ ಬರೆಯಬೇಕು.

1. ಫಾರ್ಮನ್ನು ಚೈಲ್ಡ್ ಮಾಡೆಲ್‌ಗೇ ಕೊಡಿ. 'ಬರಹ'ಕ್ಕೆ ಡೇಟಾಬೇಸ್‌ನಲ್ಲಿ ಟೇಬಲ್ಲೇ ಇಲ್ಲ. ಮಾಡೆಲ್‌ಫಾರ್ಮ್ ಶುರುವಾಗುತ್ತಲೇ ತನ್ನ ಮಾಡೆಲ್‌ನ ಒಂದು ಇನ್‌ಸ್ಟೆನ್ಸ್ ಮಾಡಿಕೊಳ್ಳುತ್ತದೆ. ಮಾಡೆಲ್ ಅಬ್‌ಸ್ಟ್ರಾಕ್ಟ್ ಆಗಿದ್ದರೆ ಈಗಿನ ಜಾಂಗೋ ಅಲ್ಲೇ ಟೈಪ್‌ಎರರ್ ಕೊಡುತ್ತದೆ.

2. ಫಾರ್ಮುಗಳಿಗೂ ಒಂದು ಬೇಸ್ ಇರಲಿ. ಸಮಾನ ಫೀಲ್ಡ್ ಪಟ್ಟಿ, ವಿಜೆಟ್‌ಗಳನ್ನು ಬೇಸ್ ಫಾರ್ಮಿನ ಮೆಟಾದಲ್ಲಿಡಿ, ಮಾಡೆಲ್ ಹೆಸರು ಮಾತ್ರ ಬೇಡ. ಸುದ್ದಿ ಫಾರ್ಮಿನ ಮೆಟಾ ಆ ಮೆಟಾವನ್ನೇ ಇನ್‌ಹೆರಿಟ್ ಮಾಡಿ ಮಾಡೆಲ್ ಹೇಳಿದರೆ ಸಾಕು. ಜಾಂಗೋದಲ್ಲೇ ಇದಕ್ಕೆ ಒಳ್ಳೆಯ ಮಾದರಿಯಿದೆ: ಅಬ್‌ಸ್ಟ್ರಾಕ್ಟ್‌ಯೂಸರ್‌ನಿಂದ ನಿಮ್ಮದೇ ಯೂಸರ್ ಮಾಡೆಲ್ ಮಾಡಿಕೊಂಡರೆ, ಯೂಸರ್‌ಕ್ರಿಯೇಷನ್‌ಫಾರ್ಮನ್ನೂ ಹೀಗೆಯೇ ಇನ್‌ಹೆರಿಟ್ ಮಾಡಿ ಹೊಸ ಮಾಡೆಲ್ ತೋರಿಸಬೇಕು.

3. ಫೀಲ್ಡುಗಳನ್ನು ಹೆಸರು ಹಿಡಿದು ಬರೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸೂತ್ರ ಇದೇ. ಫೀಲ್ಡ್ಸ್, ಎಕ್ಸ್‌ಕ್ಲೂಡ್ ಎರಡನ್ನೂ ಬಿಟ್ಟರೆ 1.8ನೇ ಆವೃತ್ತಿಯಿಂದ ಜಾಂಗೋ ಒಪ್ಪುವುದೇ ಇಲ್ಲ. ಅದನ್ನು ದಾಟಲು 'ಆಲ್' ಎಂದು ಹಾಕಿಬಿಡುವವರು ಬಹಳ. ನಾಳೆ ಯಾರೋ 'ಬರಹ'ಕ್ಕೆ 'ಸಂಪಾದಕರ ಒಪ್ಪಿಗೆ' ಎಂಬ ಫೀಲ್ಡ್ ಸೇರಿಸುತ್ತಾರೆ. ಅದು ಮೂರೂ ಫಾರ್ಮುಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತದೆ. ಬರೆದವರೇ ತಮ್ಮ ಬರಹಕ್ಕೆ ಒಪ್ಪಿಗೆ ಒತ್ತಬಹುದು! ಸಾಮಾನ್ಯ ಮಾಡೆಲ್‌ನಲ್ಲಿ ಒಂದು ಕಡೆ ಆಗುವ ಸೋರಿಕೆ ಇಲ್ಲಿ ಎಷ್ಟು ಚೈಲ್ಡ್ ಮಾಡೆಲ್‌ಗಳಿವೆಯೋ ಅಷ್ಟು ಕಡೆ ಆಗುತ್ತದೆ.

4. ದತ್ತಾಂಶದ ನಿಯಮಗಳನ್ನು 'ಬರಹ'ದ ಕ್ಲೀನ್ ಮೆಥಡ್‌ನಲ್ಲಿಡಿ; ಮಾಡೆಲ್‌ಫಾರ್ಮ್ ತಾನಾಗಿ ಅದನ್ನು ಕರೆಯುತ್ತದೆ. ಚೈಲ್ಡ್ ಮಾಡೆಲ್‌ನಲ್ಲಿ ಮತ್ತೆ ಕ್ಲೀನ್ ಬರೆದರೆ ಸೂಪರ್ ಕರೆಯಲೇಬೇಕು, ಇಲ್ಲದಿದ್ದರೆ ಮೇಲಿನ ನಿಯಮಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಫಾರ್ಮಿನ ಕ್ಲೀನ್‌ಗೂ ಇದೇ ಮಾತು: ಅಲ್ಲಿ ಸೂಪರ್ ಮರೆತರೆ ಯೂನಿಕ್ ತಪಾಸಣೆ ನಡೆಯುವುದಿಲ್ಲ.

5. 'ಬರಹ'ದಲ್ಲಿರುವ ಫಾರಿನ್‌ಕೀಗೆ ರಿಲೇಟೆಡ್‌ನೇಮ್ ಕೊಡುವುದಾದರೆ ಆ್ಯಪ್ ಮತ್ತು ಕ್ಲಾಸ್ ಹೆಸರು ತಾನಾಗಿ ತುಂಬಿಕೊಳ್ಳುವ ಪ್ಲೇಸ್‌ಹೋಲ್ಡರ್ ಬಳಸಿ. ಇಲ್ಲವಾದರೆ ಸುದ್ದಿ, ವಿಮರ್ಶೆಗಳ ಹೆಸರು ಡಿಕ್ಕಿಯಾಗುತ್ತದೆ.

6. ಆಟೋನೌಆ್ಯಡ್ ಇರುವ ದಿನಾಂಕವನ್ನು ಫೀಲ್ಡ್ ಪಟ್ಟಿಗೆ ಸೇರಿಸಬೇಡಿ. ಅದು ತಿದ್ದಲಾಗದ ಫೀಲ್ಡ್, ಪಟ್ಟಿಯಲ್ಲಿ ಕಂಡರೆ ಫೀಲ್ಡ್‌ಎರರ್ ಬರುತ್ತದೆ. ಸಂಪಾದಕರು ದಿನಾಂಕ ಬದಲಿಸಬೇಕೆಂದಿದ್ದರೆ ಆಟೋನೌಆ್ಯಡ್ ತೆಗೆದು, ಡಿಫಾಲ್ಟ್ ಆಗಿ ಟೈಮ್‌ಝೋನ್ ನೌ ಕೊಡಿ.