ಎಲಿಯಟ್ ಬೇಕೋ, ಬಸಪ್ಪ ಬೇಕೋ?

ಪ್ರಶ್ನೆ: ನಮಗೆ ಚೊಚ್ಚಲ ಗಂಡುಮಗು. ಯಜಮಾನರು ಇಂಗ್ಲಿಷ್ ಉಪನ್ಯಾಸಕರು. ಮಗನಿಗೆ ‘ಎಲಿಯಟ್’ ಎಂದೇ ಹೆಸರಿಡಬೇಕೆಂದು ಹಟ ಹಿಡಿದಿದ್ದಾರೆ. ಅತ್ತೆಗೆ ತೀರಿಹೋದ ಮಾವನ ಹೆಸರು, ಬಸಪ್ಪ, ಇಡಬೇಕೆಂಬ ಆಸೆ. ‘ಆ ಹೆಸರು ಕರಿಯಾಕ ನನ್ನ ನಾಲಿಗಿ ಹೊರಳೂದಿಲ್ಲ’ ಎಂದು ಮಾತು ಬಿಟ್ಟಿದ್ದಾರೆ. ‘ಧರ್ಮ ಬದಲಿಸಿದ್ರೇನು?’ ಎಂದು ಓಣಿಯವರು ಕೇಳುತ್ತಾರೆ. ನಾಳೆ ಶಾಲೆಯಲ್ಲಿ ಹುಡುಗರು ‘ಇಲಿ, ಇಲಿ’ ಎಂದು ಕಾಡಿದರೆ? ತೊಟ್ಟಿಲ ಕಾರ್ಯ ಹತ್ತಿರ ಬಂತು. ಏನು ಮಾಡಲಿ?
– ಹೆಸರು ಬೇಡ, ರಟ್ಟೀಹಳ್ಳಿ

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಯಜಮಾನರ ಹಟವಿದೆ, ಅತ್ತೆಯ ಮುನಿಸಿದೆ, ಓಣಿಯವರ ಮಾತಿದೆ. ಹೆತ್ತ ನಿಮಗೆ ಆ ಹೆಸರು ಹಿಡಿಸಿದೆಯೇ ಎಂಬುದೊಂದೇ ಇಲ್ಲ. ತೀರ್ಮಾನ ಅಲ್ಲಿಂದಲೇ ಶುರುವಾಗಬೇಕು.

ಓಣಿಯವರ ಮಾತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಲಿಯಟ್ ಎಂಬುದರ ಮೂಲ ಎಲಿಯಾಸ್. ಬೈಬಲ್ಲಿನ ಪ್ರವಾದಿ ಎಲೀಯ, ಕುರಾನಿನ ಇಲ್ಯಾಸ್ ಇಬ್ಬರದೂ ಅದೇ ಹೆಸರು. ಆದರೆ ಅದನ್ನು ಇಟ್ಟ ಮಾತ್ರಕ್ಕೆ ಯಾರ ಧರ್ಮವೂ ಬದಲಾಗುವುದಿಲ್ಲ. ಇಂಗ್ಲಿಷರಲ್ಲೇ ಅದು ಬಹುಕಾಲ ಮನೆತನದ ಹೆಸರಾಗಿತ್ತು. ಹುಡುಗರಿಗೆ ಇಡತೊಡಗಿದ್ದು ಆಮೇಲೆ. ಯಜಮಾನರ ಮನಸ್ಸಿನಲ್ಲಿರುವುದು 1948ರಲ್ಲಿ ನೊಬೆಲ್ ಪಡೆದ ಕವಿ ಟಿ.ಎಸ್. ಎಲಿಯಟ್ ಇರಬಹುದು. ನಮ್ಮ ಸೀಮೆಗೆ ಇನ್ನೂ ಹತ್ತಿರದ ಎಲಿಯಟ್ ಒಬ್ಬರಿದ್ದಾರೆ. 1824ರಲ್ಲಿ ಕಿತ್ತೂರಿನಲ್ಲಿ ಚೆನ್ನಮ್ಮನವರಿಗೆ ಸೆರೆಸಿಕ್ಕ ವಾಲ್ಟರ್ ಎಲಿಯಟ್, ಮುಂದೆ ಇದೇ ನಾಡಿನ ಶಾಸನಗಳನ್ನು ಹುಡುಕಿ ಪ್ರತಿ ಮಾಡಿಸಿದರು. 595 ಶಾಸನಗಳ ಆ ಸಂಗ್ರಹವನ್ನು ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಕೇಳಿದವರಿಗೆ ಹೇಳಿಕೊಳ್ಳಲು ಕಥೆಯಿರುವ ಹೆಸರೇ ಅದು.

ಹುಡುಗರು ಕಾಡಿಸುವುದು ನಿಜ. ಆದರೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರು ಹೊತ್ತವರು ನಮ್ಮ ಕಡೆ ತಲೆಯೆತ್ತಿ ಬಾಳುತ್ತಿಲ್ಲವೇ? ಮನೆಯವರು ಅಭಿಮಾನದಿಂದ ಕರೆಯುವ ಹೆಸರನ್ನು ಮಗು ಹೊರಗೆ ಧೈರ್ಯವಾಗಿ ಹೇಳುತ್ತದೆ. ಮನೆಯಲ್ಲೇ ಜಗಳವಾದ ಹೆಸರಾದರೆ ಅದಕ್ಕೆ ಹೇಳಿಕೊಳ್ಳಲು ಅಳುಕು. ನನಗೆ ಚಿಂತೆಯಿರುವುದು ಈ ಎರಡನೆಯದರ ಬಗ್ಗೆಯೇ.

ಅತ್ತೆಯ ಕಷ್ಟ ನಾಲಿಗೆಯದಲ್ಲ. ನಾಲಿಗೆ ಹೇಗಾದರೂ ಹೊರಳುತ್ತದೆ. ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಮೇಲಿನ ಪ್ರೀತಿಗೆ ರಾಯಲಸೀಮೆಯ ರೈತರು ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟಿದ್ದರು. ನಿಮ್ಮ ಮಗನೂ ಅಜ್ಜಿಯ ಬಾಯಲ್ಲಿ ತಿಂಗಳೊಳಗೆ ‘ಎಲ್ಲ್ಯಾ’ ಆಗುತ್ತಾನೆ. ತಮ್ಮ ಯಜಮಾನರ ಹೆಸರು ಈ ಮನೆಯಲ್ಲಿ ಇನ್ನು ಯಾರೂ ಕರೆಯುವುದಿಲ್ಲವಲ್ಲ ಎಂಬುದು ಅವರ ಸಂಕಟ. ಅದನ್ನು ಹಟವೆಂದು ತಿಳಿಯಬೇಡಿ. ಯಜಮಾನರು ತಾಯಿಯ ಹತ್ತಿರ ಕೂತು, ‘ಅಪ್ಪನ ಹೆಸರನ್ನು ಬಿಡೂದಿಲ್ಲ’ ಎಂದು ತಾವೇ ಹೇಳಲಿ. ಆ ಕೆಲಸವನ್ನು ಸೊಸೆಯ ತಲೆಗೆ ಕಟ್ಟಬಾರದು.

ಈಗ ಕಾಗದದ ಮಾತು. ಇಂಗ್ಲಿಷಿನಲ್ಲಿ ಈ ಹೆಸರನ್ನು ಒಂದು ಎಲ್ ಅಥವಾ ಎರಡು ಎಲ್, ಒಂದು ಟಿ ಅಥವಾ ಎರಡು ಟಿ ಹಾಕಿ, ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಆದರೆ ಹುಡುಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಯಾವ ಹೆಸರೇ ಆಗಲಿ, ಅಕ್ಷರಗಳನ್ನು ಮೊದಲೇ ಗಟ್ಟಿ ಮಾಡಿ, ಎಲ್ಲ ಕಡೆ ಅದನ್ನೇ ಬರೆಸಿ. ಅವಸರವೂ ಬೇಡ: ಜನನವನ್ನು 21 ದಿನದೊಳಗೆ ಹೆಸರಿಲ್ಲದೆಯೂ ನೋಂದಾಯಿಸಬಹುದು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ನನ್ನ ಸಲಹೆ ಇಷ್ಟು. ನಿಮಗೂ ಎಲಿಯಟ್ ಹಿಡಿಸಿದ್ದರೆ ‘ಬಸವ ಎಲಿಯಟ್’ ಎಂದು ಬರೆಸಿ; ತೊಟ್ಟಿಲ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಎರಡನ್ನೂ ಹೇಳಲಿ. ಅಜ್ಜಿ ಬಸವಾ ಎನ್ನಲಿ, ಅಪ್ಪ ಎಲಿಯಟ್ ಎನ್ನಲಿ. ಹಿಡಿಸದಿದ್ದರೆ ಯಜಮಾನರಿಗೆ ನೇರವಾಗಿ ಹೇಳಿ, ಇಬ್ಬರೂ ಒಪ್ಪುವ ಬೇರೆ ಹೆಸರು ಹುಡುಕಿ. ತಾಯಿ ಮನಸ್ಸಿಲ್ಲದೆ ಕರೆಯುವ ಹೆಸರು, ಎಷ್ಟೇ ದೊಡ್ಡ ಕವಿಯದಾದರೂ, ಮಗುವಿಗೆ ಬೇಡ. ತೊಟ್ಟಿಲ ಕಾರ್ಯದ ದಿನ ಗೊತ್ತುಮಾಡುವ ಮೊದಲೇ ಈ ಮಾತು ಮುಗಿಸಿ.