ನಡುವಿನ ಪದ ನೋಡಿ ಮಾತಾಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ‘ಪರ್ಫೆಕ್ಟ್ ಸ್ಕ್ವೇರ್ ಟ್ರೈನಾಮಿಯಲ್’ ಅಂದಾಗ ಏನೋ ಹೊಸ ಪಾಠ ಅನ್ನಿಸುತ್ತೆ. ಅದು ಹೈಸ್ಕೂಲಿನ ಪೂರ್ಣವರ್ಗ ತ್ರಿಪದೋಕ್ತಿಯೇ. ಹೆಸರಿಗೆ ಹೆದರಿ ಲ್ಯಾಪ್ಲಾಸ್ ಲೆಕ್ಕ ಬಿಟ್ಟುಬಂದರೆ ಹೋಗೋದು ಗೊತ್ತಿದ್ದ ಅಂಕಗಳೇ.

ಹೊಲದಿಂದ ಶುರು ಮಾಡೋಣ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ಅದರ ಒಂದು ಮೂಲೆಗೆ ಒತ್ತಿ 30 ಅಡಿಯ ಚೌಕ ಹಾಕಿ: 900 ಚದರ ಅಡಿ. ಎರಡು ಬದಿಗೆ 30 ಅಡಿ ಉದ್ದ, 3 ಅಡಿ ಅಗಲದ ಪಟ್ಟಿಗಳು ಉಳೀತವೆ: 90, 90. ಎದುರು ಮೂಲೆಗೆ 3 ಅಡಿಯ ಪುಟ್ಟ ಚೌಕ: 9. ಒಟ್ಟು 900 + 180 + 9 = 1089. (1953ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ತಾಲ್ಲೂಕುಗಳಲ್ಲಿ ಮಾತು ಗುಂಟೆಗಿಂತ ಸೆಂಟ್ಸಿನದೇ ಜಾಸ್ತಿ. ಸೆಂಟಿಗೆ 435.6 ಚದರ ಅಡಿ. ಅದರ ವರ್ಗಮೂಲ ಇಷ್ಟು ಚೆಂದ ಬರಲ್ಲ!)

30ರ ಜಾಗದಲ್ಲಿ ‘ಕ’ ಇಡಿ:

ಕ² + 6ಕ + 9 = (ಕ + 3)²

ನಡುವಿನ ಪದದಲ್ಲಿ 2 ಯಾಕೆ ಅಂದ್ರೆ, ಪಟ್ಟಿಗಳು ಎರಡು. ಹಾಗಾಗಿ ತುದಿಗಳೆರಡೂ ವರ್ಗ ಅಂತ ಕಂಡ ಕೂಡಲೇ ಉತ್ತರ ಬರೆಯಬಾರದು. 9ಕ² − 30ಕ + 25ರಲ್ಲಿ ತುದಿಗಳ ಮೂಲ 3ಕ, 5. ಗುಣಲಬ್ಧದ ಎರಡರಷ್ಟು 30ಕ, ಸರಿಹೋಯ್ತು. ಚಿಹ್ನೆ ಋಣ, ಆದ್ದರಿಂದ (3ಕ − 5)². ಆದರೆ ಕ² + 10ಕ + 16? ಇಲ್ಲಿ ನಡುವೆ 8ಕ ಇರಬೇಕಿತ್ತು. ಇದು ಪೂರ್ಣವರ್ಗ ಅಲ್ಲ, (ಕ + 2)(ಕ + 8).

ಈಗ ಲ್ಯಾಪ್ಲಾಸ್. ಛೇದದಲ್ಲಿ ಸ² + 6ಸ + 13 ಬಂತು ಅನ್ನಿ. ಇದನ್ನು ಪೂರ್ಣಾಂಕಗಳಲ್ಲಿ ಅಪವರ್ತಿಸೋಕೆ ಆಗಲ್ಲ. 6ರ ಅರ್ಧ 3, ಅದರ ವರ್ಗ 9. 13ರಿಂದ 9 ಎತ್ತಿಕೊಳ್ಳಿ:

(ಸ + 3)² + 2²

ಉತ್ತರ ಕುಗ್ಗುತ್ತಾ ಹೋಗುವ ಸೈನ್ ಅಲೆ. ಎಷ್ಟು ಬೇಗ ಕುಗ್ಗುತ್ತೆ ಅಂತ 3 ಹೇಳಿದರೆ, ಎಷ್ಟು ಬೇಗ ತೂಗುತ್ತೆ ಅಂತ 2 ಹೇಳುತ್ತೆ. ಅರ್ಧ ಮಾಡಿ ವರ್ಗ ಸೇರಿಸುವ ಈ ಉಪಾಯ ನಮ್ಮ ನಾಡಿಗೆ ಹಳೆಯದು. ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದ ವರ್ಗಮೂಲದ ಲೆಕ್ಕಗಳನ್ನು ಬಿಡಿಸೋದೂ ಹೀಗೇ.

13ರ ಬದಲು ಸರಿಯಾಗಿ 9 ಇದ್ದರೆ? ಮಿಗೋದು ಸೊನ್ನೆ, ತೂಗಾಟವೇ ಇಲ್ಲ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ‘ಕ್ರಿಟಿಕಲ್ ಡ್ಯಾಂಪಿಂಗ್’ ಅನ್ನೋದು ಈ ಪೂರ್ಣವರ್ಗಕ್ಕೇ. ಲ್ಯಾಬ್ ಬಾಗಿಲಿನ ಕ್ಲೋಸರ್ ಈ ಹದದಲ್ಲಿದ್ದರೆ ಬಾಗಿಲು ಅತ್ತಿತ್ತ ಆಡದೆ ಬೇಗ ಬಂದು ಕೂರುತ್ತೆ. 9ರ ಜಾಗದಲ್ಲಿ 5 ಇದ್ದರೆ (ಸ + 1)(ಸ + 5). ಬಾಗಿಲು ಆಗಲೂ ಆಡಲ್ಲ, ಆದರೆ ತೆವಳಿಕೊಂಡು ಬರುತ್ತೆ.

ಸ² + 10ಸ + 34 ನೀವೇ ಮಾಡಿ ನೋಡಿ. ಮಿಗಬೇಕಾದ್ದು 3².