ದೀಪಾವಳಿಗೆ ಪಡುಗಡಲು, ಪೊಂಗಲ್‌ಗೆ ರಾಮೇಶ್ವರ

ಮಗಾ, ಬನಿಯನ್ ಕಂಪನಿಯ ಬೋನಸ್ ಕೈಗೆ ಬಿದ್ದ ಸಂಜೆಯೇ ಬ್ಯಾಗು ಹೆಗಲಿಗೇರಿಸಿ "ಅಜ್ಜಾ, ಕಡಲು ನೋಡಿ ಬರ್ತೀನಿ" ಅನ್ನುವವನು ನೀನು. ಹೋಗಿ ಬಾ. ವರ್ಷವಿಡೀ ದುಡಿದವನು ನಾಲ್ಕು ದಿನ ನೀರಿನ ಮುಂದೆ ಕೂತರೆ ತಪ್ಪಲ್ಲ. ಆದರೆ ಯಾವ ಕಡಲು ಅಂತ ಕೇಳಿದರೆ "ಯಾವುದಾದರೂ ಸರಿ" ಅನ್ನುತ್ತೀಯಲ್ಲ, ಅಲ್ಲೇ ನೀನು ಎಡವುವುದು.

ಅವಿನಾಶಿಯವರಿಗೆ ಎರಡು ಕಡಲಿದೆ. ಪಾಲಕ್ಕಾಡಿನ ಕಣಿವೆ ದಾಟಿದರೆ ಪಡುಗಡಲು, ಮಧುರೆ ದಾಟಿ ಇಳಿದರೆ ರಾಮೇಶ್ವರ. ಎರಡಕ್ಕೂ ಒಂದೇ ಪಂಚಾಂಗ ಹೊಂದುವುದಿಲ್ಲ.

ಆಡಿ ತಿಂಗಳ ನಮ್ಮೂರ ಗಾಳಿ ನಿನಗೆ ಗೊತ್ತಲ್ಲ. ಆಡಿ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಅಂತ ತಮಿಳರ ಗಾದೆಯೇ ಇದೆ. ನೂಲಿಗೆ ದೂಳು ಹಿಡಿಯದಿರಲಿ ಅಂತ ಮಗ್ಗದ ಮನೆಯ ಕಿಟಕಿಗೆ ಗೋಣಿ ಕಟ್ಟುತ್ತಿದ್ದೆವು. ಆ ಗಾಳಿ ತನ್ನ ನೀರನ್ನೆಲ್ಲ ಘಟ್ಟದ ಆಚೆಗೇ ಸುರಿದು ಬರಿಗೈಯಲ್ಲಿ ನಮ್ಮ ಬಾಗಿಲಿಗೆ ಬರುತ್ತದೆ. ನಮಗೆ ವರ್ಷವಿಡೀ ಬೀಳುವ ಮಳೆ 600-700 ಮಿಲಿಮೀಟರ್. ಮಂಗಳೂರಿಗೆ 3,500ಕ್ಕೂ ಮೇಲೆ. ಇದು ತಿಳಿಯದ ವಯಸ್ಸಿನಲ್ಲಿ ನಾನು ಆಡಿಯಲ್ಲೇ ಪಡುಗಡಲಿಗೆ ಹೊರಟೆ. ಮೂರು ದಿನ ಕೋಣೆಯ ಕಿಟಕಿಯಿಂದ ಹೆಂಚಿನ ನೀರು ನೋಡಿದೆ. ದೋಣಿಗಳೆಲ್ಲ ತೆಂಗಿನ ಮಡಲು ಹೊದ್ದು ದಡದ ಮೇಲಿದ್ದವು. ನಾನು ನೀರಿಗಿಳಿಯಲು ಹೋದಾಗ ಒಬ್ಬ ಮೊಗವೀರ ಮುದುಕ ಗದರಿ ಹಿಂದಕ್ಕೆ ಕಳಿಸಿದ. ಅವನ ಋಣ ನನ್ನ ಮೇಲಿದೆ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಕಡಲಲ್ಲೇ ಹುಟ್ಟಿ ಬೆಳೆದವರು ದಡದಲ್ಲಿ ಕೂತಿರುವಾಗ, ಬಾವಿಯಲ್ಲಿ ಈಜು ಕಲಿತ ನೀನು ಅಲೆಗೆ ಎದೆಯೊಡ್ಡುತ್ತೀಯಾ?

ಏಪ್ರಿಲ್, ಮೇ ಕೂಡ ಬೇಡ. ನಮ್ಮ ಬಿಸಿಲಲ್ಲಿ ಬೆವರು ಬಂದ ಹಾಗೇ ಆರುತ್ತದೆ. ಅಲ್ಲಿ ಅಂಗಿಗೆ ಅಂಟಿಕೊಂಡೇ ಇರುತ್ತದೆ. ಮೇಲಾಗಿ ಚಿತ್ತಿರೈಯಲ್ಲಿ ಅವಿನಾಶಿ ಲಿಂಗೇಶ್ವರನ ತೇರು. ತೇರಿನ ಹಗ್ಗ ಬಿಟ್ಟು ಊರು ಬಿಡುವ ಮಾತು ನನ್ನ ಮುಂದೆ ಎತ್ತಬೇಡ.

ಉಳಿದದ್ದು ನಿನ್ನ ಎರಡು ರಜೆ, ದೀಪಾವಳಿ ಮತ್ತು ಪೊಂಗಲ್. ನೀನು ಇವನ್ನು ಯಾವಾಗಲೂ ತಿರುವುಮುರುವು ಮಾಡುತ್ತೀಯ. ದೀಪಾವಳಿಗೆ ರಾಮೇಶ್ವರಕ್ಕೆ ಹೋಗಿ ಹಿಂಗಾರಿನಲ್ಲಿ ನೆನೆದು ಬಂದವನು ನೀನೇ ತಾನೇ? ಮೂಡುಗಡಲಿನ ಮಳೆಗಾಲವೇ ಅದು. 1964ರ ಡಿಸೆಂಬರ್‌ನಲ್ಲಿ ಧನುಷ್ಕೋಟಿಯನ್ನು ರೈಲಿನ ಸಮೇತ ಕಡಲು ನುಂಗಿದ್ದು ಅದೇ ಕಾಲದ ಚಂಡಮಾರುತದಲ್ಲಿ.

ದೀಪಾವಳಿಗೆ ಪಡುವಣಕ್ಕೆ ಹೋಗು. ಅಷ್ಟರಲ್ಲಿ ಕಡಲು ತಣಿದಿರುತ್ತದೆ, ಹೊಳೆಗಳು ತುಂಬಿರುತ್ತವೆ, ಗುಡ್ಡದ ಹಸಿರು ಇನ್ನೂ ಮಾಸಿರುವುದಿಲ್ಲ. ಮಳೆಗಾಲದಲ್ಲಿ ನಿಂತಿದ್ದ ದೋಣಿಗಳು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮತ್ತೆ ಹೊರಡುತ್ತವೆ. ಕಂಬ ನೆಟ್ಟಂತೆ ನಿಂತ ಅಲ್ಲಿನ ಬಂಡೆ ಲಾವಾರಸ ಆರಿ ಆದದ್ದು, ಮುಟ್ಟಿ ನೋಡು. ದೀಪಾವಳಿ ಕಳೆದ ಮೇಲೆ ಯಕ್ಷಗಾನದ ಮೇಳಗಳು ಒಂದೊಂದಾಗಿ ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ಪತ್ತನಾಜೆಯವರೆಗೆ. ಹಬ್ಬ ತಡವಾಗಿ ಬಂದ ವರ್ಷ ನಿನಗೂ ಒಂದು ಆಟ ಸಿಕ್ಕೀತು. ಸಿಕ್ಕರೆ ಬಿಡಬೇಡ. ನಮ್ಮ ದೇವಾಂಗರ ಮನೆಯ ಕನ್ನಡಕ್ಕೆ ಅರ್ಧ ತಮಿಳು ಬೆರೆತಿದೆ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಕೊಯ್ದ ಗದ್ದೆಯಲ್ಲಿ ಕೂತು ವೇಷಧಾರಿ ಅರ್ಥ ಹೇಳುವುದನ್ನು ಕೇಳಿದ ರಾತ್ರಿ, ನಮ್ಮವ್ವ ಒಲೆ ಮುಂದೆ ಆಡುತ್ತಿದ್ದ ಮಾತು ಇಷ್ಟು ದೊಡ್ಡದೇ ಅಂತ ನನ್ನ ಕಣ್ಣು ತುಂಬಿತು. ನಿನಗೂ ಆ ರಾತ್ರಿ ಸಿಗಬೇಕು ಅಂತ ನನ್ನ ಆಸೆ.

ಪೊಂಗಲ್ ರಜೆಯನ್ನು ರಾಮೇಶ್ವರಕ್ಕೆ ಇಡು. ಮಳೆ ಹಿಂದೆ ಸರಿದು ಬಿಸಿಲು ಹಿತವಾಗಿರುತ್ತದೆ. ತೈ ಅಮಾವಾಸ್ಯೆ ಮಾತ್ರ ತಪ್ಪಿಸು. ಆ ದಿನ ಅಗ್ನಿತೀರ್ಥದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪೊಂಗಲ್‌ಗೂ ಉಡುಪಿಗೇ ಹೋಗುತ್ತೇನೆಂದು ಹಟ ಹಿಡಿದರೆ ವರ್ಷ ನೋಡಿ ಹೊರಡು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಅಲ್ಲಿ ಪರ್ಯಾಯ, ಕೋಣೆ ಸಿಗುವುದು ಕಷ್ಟ.

ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ತಿರುಪ್ಪೂರಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಸೀದಾ ಮಂಗಳೂರು. ಟಿಕೆಟ್ 60 ದಿನ ಮುಂಚೆಯೇ ತೆರೆಯುತ್ತದೆ. ಬೋನಸ್ ಬರಲಿ ಅಂತ ಕಾಯಬೇಡ, ಆವತ್ತೇ ಮಾಡಿಸು. ಎರಡು ಮಾಡಿಸು, ನಿನ್ನ ಅಜ್ಜಿ ಇನ್ನೂ ಪಡುಗಡಲು ನೋಡಿಲ್ಲ.